ಕೊಡಲಿಯ ಕಾವು

ಕಾಡಿನ ಮರಗಳು ಒಂದು ದಿನ ಕೊಡಲಿಯನ್ನು ಕಂಡು ನಡುಗತೊಡಗಿದುವಂತೆ. ಆಗ ಮುದಿಮರವೊಂದು, "ಅಂಜಬೇಡಿ, ಅದು ಬರಿಯ ಕಬ್ಬಿಣ. ನಮ್ಮ ಕುಲದವನೇ ಒಬ್ಬ ಅದಕ್ಕೆ ಕಾವಾಗಿ ಸೇರಿಕೊಳ್ಳದ ಹೊರತು ಅದು ನಮ್ಮನ್ನೇನೂ ಮಾಡಲಾರದು" ಎಂದಿತಂತೆ. "ಕೊಡಲಿಯ ಕಾವು ಕುಲಕ್ಕೆ ಮೃತ್ಯು" ಎಂಬ ಗಾದೆಯನ್ನು ವಿವರಿಸುವಾಗ ಹಿರಿಯರು ಈ ಕತೆಯನ್ನು ಹೇಳುವುದುಂಟು. ದಾಯಾದಿಗಳ ವ್ಯಾಜ್ಯದಲ್ಲಿಯೂ ಊರಿನ ಪಂಚಾಯಿತಿಯಲ್ಲಿಯೂ ಬಳಕೆಯಾಗುವ ಈ ಮಾತು, ಮನುಷ್ಯನ ರಕ್ತದೊಳಗೆ ನಡೆಯುವ ಒಂದು ವ್ಯವಹಾರಕ್ಕೆ ಅಕ್ಷರಶಃ ಒಪ್ಪುತ್ತದೆ. ಅಲ್ಲಿ ಕೊಡಲಿಯ ಕಬ್ಬಿಣದ ಹೆಸರು ಎಚ್.ಐ.ವಿ. ಅದರ ಏಟಿನಿಂದ ಕೊನೆಗೆ ಒದಗುವ ವ್ಯಾಧಿಯ ಹೆಸರು ಏಡ್ಸ್.

1981ರ ಜೂನ್ ತಿಂಗಳಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಐವರು ತರುಣರಿಗೆ, ಆರೋಗ್ಯವಂತರಿಗೆ ಸಾಮಾನ್ಯವಾಗಿ ತಗಲದಂತಹ ಶ್ವಾಸಕೋಶದ ಬೇನೆ ಬಂದುದನ್ನು ವೈದ್ಯರು ವರದಿಮಾಡಿದರು. ಈ ವ್ಯಾಧಿಯ ಮೊದಲನೆಯ ಲಿಖಿತ ದಾಖಲೆ ಅದು. ಎರಡು ವರ್ಷಗಳ ಬಳಿಕ, 1983ರಲ್ಲಿ, ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಫ್ರಾಂಸ್ವಾಸ್ ಬಾರೆ-ಸಿನೂಸಿ, ಲುಕ್ ಮಾಂಟನ್ಯೇ ಮತ್ತು ಅವರ ಸಂಗಡಿಗರು ಇದಕ್ಕೆ ಕಾರಣವಾದ ವೈರಸ್ಸನ್ನು ಬೇರ್ಪಡಿಸಿದರು. ಅವರಿಬ್ಬರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಭಾರತದಲ್ಲಿ ಇದು ಇದೆಯೆಂಬುದನ್ನು 1986ರಲ್ಲಿ ಮದರಾಸಿನ ಡಾಕ್ಟರ್ ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರೂ ಪತ್ತೆಹಚ್ಚಿದರು. ಇಂದು ಪ್ರಪಂಚದಲ್ಲಿ ಸುಮಾರು 4 ಕೋಟಿ ಜನ, ಭಾರತದಲ್ಲಿ ಸುಮಾರು 25 ಲಕ್ಷ ಜನ, ಈ ವೈರಸ್ಸನ್ನು ಮೈಯಲ್ಲಿಟ್ಟುಕೊಂಡು ಬಾಳುತ್ತಿದ್ದಾರೆ. ಅದನ್ನು ಸಂಪೂರ್ಣವಾಗಿ ತಡೆಯಬಲ್ಲ ಲಸಿಕೆ ಇನ್ನೂ ಸಿದ್ಧವಾಗಿಲ್ಲ. ಇಷ್ಟು ಬಲವಾದ ಶತ್ರುವಿಗೆ ಆ ಬಲ ಬಂದುದಾದರೂ ಎಲ್ಲಿಂದ?

ದರಿದ್ರನ ಆಸ್ತಿ

ಆ ಬಲ ಅದರ ಸ್ವಂತದ್ದಲ್ಲ. ಎಚ್.ಐ.ವಿ.ಯಷ್ಟು ದರಿದ್ರವಾದ ವಸ್ತು ಸೃಷ್ಟಿಯಲ್ಲಿ ಅಪರೂಪ. ಒಂದು ಮಿಲಿಮೀಟರಿನ ಉದ್ದದಲ್ಲಿ 8,000ಕ್ಕೂ ಮಿಕ್ಕು ವೈರಸ್ಸುಗಳನ್ನು ಸಾಲಾಗಿ ನಿಲ್ಲಿಸಬಹುದು. ಮನುಷ್ಯನ ವಂಶಲಿಪಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ, ಇದರ ಲಿಪಿಯಲ್ಲಿ ಇರುವುವು ಹತ್ತು ಸಾವಿರಕ್ಕೂ ಕಡಮೆ. ಮನುಷ್ಯನಿಗೆ ಪ್ರೋಟೀನುಗಳ ವಿಧಿಯನ್ನು ಬರೆದಿಟ್ಟ ವಂಶವಾಹಿಗಳು 20,000ದಷ್ಟಿವೆ, ಎಚ್.ಐ.ವಿ.ಗೆ ಇರುವುವು ಒಂಬತ್ತು. ಆ ಒಂಬತ್ತರಿಂದ ತಯಾರಾಗುವ ಪ್ರೋಟೀನುಗಳು ಹದಿನೈದು.

ಪ್ರೋಟೀನು ಎಂದೊಡನೆ ಬೇಳೆಯೂ ಹಾಲೂ ನೆನಪಿಗೆ ಬರುವುದು ಸಹಜ. ಶಾಲೆಯ ಪುಸ್ತಕಗಳು ಹಿಂದೆ ಸಸಾರಜನಕವೆಂದು ಕರೆಯುತ್ತಿದ್ದ ವಸ್ತು ಇದೇ. ಆದರೆ ಜೀವಕೋಶದೊಳಗೆ ಪ್ರೋಟೀನುಗಳು ಆಹಾರವಾಗಿರುವುದಕ್ಕಿಂತ ಹೆಚ್ಚಾಗಿ ಕೆಲಸಗಾರರಾಗಿವೆ. ಬಾಗಿಲು ಕಾಯುವುದು, ಸರಕು ಹೊರುವುದು, ವಂಶಲಿಪಿಯನ್ನು ನಕಲು ತೆಗೆಯುವುದು, ಕಸವನ್ನು ಹೊರಗೆ ಹಾಕುವುದು, ಕಳ್ಳನನ್ನು ಹಿಡಿಯುವುದು, ಇವೆಲ್ಲವನ್ನೂ ನಡೆಸುವುವು ಒಂದೊಂದು ಬಗೆಯ ಪ್ರೋಟೀನುಗಳೇ. ವೈರಸ್ಸಿಗೆ ಉಸಿರಾಟವಿಲ್ಲ, ಉಣ್ಣುವುದಿಲ್ಲ, ತನ್ನಷ್ಟಕ್ಕೆ ತಾನು ಮರಿಮಾಡಲಾರದು. ಹದಿನೈದು ಆಳುಗಳನ್ನು ಕಟ್ಟಿಕೊಂಡು ಬಂದ ಈ ಬಡವನಿಗೆ ಸಂಸಾರ ಹೂಡಬೇಕಾದರೆ, ಇಳಿದುಕೊಂಡ ಮನೆಯ ಆಳುಗಳನ್ನೇ ಒಲಿಸಿಕೊಳ್ಳದೆ ಬೇರೆ ದಾರಿಯಿಲ್ಲ. 2012ರಲ್ಲಿ ಅಮೆರಿಕದ ವಿಜ್ಞಾನಿ ನೆವನ್ ಕ್ರೋಗನ್ ಅವರ ತಂಡದವರು ಎಚ್.ಐ.ವಿ.ಯ ಪ್ರತಿಯೊಂದು ಪ್ರೋಟೀನನ್ನೂ ಮನುಷ್ಯನ ಜೀವಕೋಶದೊಳಗಿರಿಸಿ, ಅದು ಯಾರು ಯಾರ ಕೈ ಹಿಡಿಯುತ್ತದೆಂದು ಲೆಕ್ಕ ಹಾಕಿದರು. ಮನುಷ್ಯನ 435 ಪ್ರೋಟೀನುಗಳೊಡನೆ 497 ಸಂಬಂಧಗಳು ಲೆಕ್ಕಕ್ಕೆ ಸಿಕ್ಕಿದುವು. ಇಷ್ಟು ನಂಟಸ್ತಿಕೆಯನ್ನು ಬೆಳೆಸಿದ ಮೇಲೆ ಅವನನ್ನು ಬಡವನೆನ್ನುವುದು ಹೇಗೆ?

ಒಂದು ಬಾಗಿಲು, ಎರಡು ಬೀಗ

ರಕ್ತದ ಬಿಳಿಯ ಕಣಗಳಲ್ಲಿ ಟಿ-ಕೋಶಗಳೆಂಬುದೊಂದು ಪಂಗಡ. ಅವುಗಳಲ್ಲಿ ಸಹಾಯಕ ಕೋಶಗಳೆಂದು ಹೆಸರಾದುವು ದೇಹರಕ್ಷಣೆಯ ದಳವಾಯಿಗಳಿದ್ದಂತೆ. ಯಾವ ರೋಗಾಣು ಬಂದಿದೆ, ಯಾವ ಪಡೆ ಏಳಬೇಕು ಎಂಬ ಅಪ್ಪಣೆ ಅವುಗಳಿಂದ ಹೊರಡುತ್ತದೆ. ಈ ಕೋಶಗಳ ಮೈಮೇಲೆ ಸಿ.ಡಿ.4 ಎಂಬ ಪ್ರೋಟೀನು ಉಂಟು. ಶತ್ರುವಿನ ಗುರುತನ್ನು ಹಿಡಿಯುವುದಕ್ಕೆ ನೆರವಾಗುವುದು ಅದರ ಧರ್ಮ. ಎಚ್.ಐ.ವಿ. ಮೊದಲು ಕೈಯಿಡುವುದು ಇದರ ಮೇಲೆಯೇ ಎಂಬುದನ್ನು 1984ರಲ್ಲಿ ಲಂಡನ್ ಮತ್ತು ಪ್ಯಾರಿಸ್ಸಿನ ಎರಡು ತಂಡಗಳು ತೋರಿಸಿಕೊಟ್ಟುವು. ಏಡ್ಸ್ ರೋಗಿಗೆ ಸಣ್ಣಪುಟ್ಟ ಸೋಂಕುಗಳೂ ಮಾರಕವಾಗುವುದೇಕೆಂಬುದು ಇದರಿಂದ ತಿಳಿಯಿತು. ಕಳ್ಳನು ಪೊಲೀಸು ಠಾಣೆಗೇ ನುಗ್ಗಿದ್ದನು.

ಆದರೆ ಒಂದು ತೊಡಕು ಉಳಿಯಿತು. 1986ರಲ್ಲಿ ವಿಜ್ಞಾನಿಗಳು ಇಲಿಯ ಜೀವಕೋಶಗಳ ಮೇಲೆ ಮನುಷ್ಯನ ಸಿ.ಡಿ.4 ಬೆಳೆಯುವಂತೆ ಮಾಡಿ ನೋಡಿದರು. ವೈರಸ್ಸು ಬಂದು ಅಂಟಿಕೊಂಡಿತು. ಒಳಗೆ ಮಾತ್ರ ಹೋಗಲಿಲ್ಲ. ಹಾಗಾದರೆ ಬಾಗಿಲಿಗೆ ಇನ್ನೊಂದು ಬೀಗ ಇರಲೇಬೇಕು. ಅದನ್ನು ಹುಡುಕುವುದರಲ್ಲಿ ಹತ್ತು ವರ್ಷಗಳು ಕಳೆದುವು. ಕೊನೆಗೆ 1996ರಲ್ಲಿ ಹಲವು ಪ್ರಯೋಗಶಾಲೆಗಳಿಂದ ಬಹುಮಟ್ಟಿಗೆ ಒಂದೇ ಕಾಲಕ್ಕೆ ಉತ್ತರ ಬಂತು. ಸಿ.ಸಿ.ಆರ್.5 ಎಂಬ ಇನ್ನೊಂದು ಪ್ರೋಟೀನು, ಕೆಲವು ಸಂದರ್ಭಗಳಲ್ಲಿ ಅದಕ್ಕೆ ಬದಲಾಗಿ ಸಿ.ಎಕ್ಸ್.ಸಿ.ಆರ್.4 ಎಂಬುದು, ಆ ಎರಡನೆಯ ಬೀಗವಾಗಿತ್ತು. ದೇಹದಲ್ಲಿ ಎಲ್ಲಿಯಾದರೂ ಗಾಯವೋ ಉರಿಯೂತವೋ ಆದಾಗ "ಇತ್ತ ಬನ್ನಿರಿ" ಎಂದು ಹೊರಡುವ ರಾಸಾಯನಿಕ ಕರೆಯನ್ನು ಕೇಳಿಸಿಕೊಳ್ಳುವ ಕಿವಿಗಳಿವು.

ವೈರಸ್ಸಿನ ಮೈಮೇಲಿರುವ ಮುಳ್ಳು ಮೊದಲು ಸಿ.ಡಿ.4ನ್ನು ಹಿಡಿಯುತ್ತದೆ. ಹಿಡಿದೊಡನೆ ಮುಳ್ಳಿನ ಆಕಾರ ತುಸು ಬದಲಾಗಿ, ಅದುವರೆಗೆ ಮರೆಯಲ್ಲಿದ್ದ ಭಾಗವೊಂದು ಹೊರಬೀಳುತ್ತದೆ. ಆ ಭಾಗ ಸಿ.ಸಿ.ಆರ್.5ಕ್ಕೆ ಸೇರಿಕೊಳ್ಳುತ್ತದೆ. ಆಗ ಮುಳ್ಳಿನೊಳಗಿಂದ ಈಟಿಯಂತಹ ತುಂಡೊಂದು ಚಿಮ್ಮಿ, ಕೋಶದ ಪೊರೆಯನ್ನು ಚುಚ್ಚಿ, ವೈರಸ್ಸಿನ ಪೊರೆಗೂ ಕೋಶದ ಪೊರೆಗೂ ಗಂಟು ಹಾಕುತ್ತದೆ. ಎರಡು ಎಣ್ಣೆಯ ಹನಿಗಳು ಕೂಡಿ ಒಂದಾಗುವಂತೆ ಪೊರೆಗಳು ಒಂದಾಗಿ, ಒಳಗಿನ ಸರಕು ಮನೆಯ ಒಳಗೆ ಬೀಳುತ್ತದೆ.

ಅದೇ 1996ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಮತ್ತೊಂದು ಒಗಟನ್ನು ಬಿಡಿಸಿದರು. ಕೆಲವರು ಈ ವೈರಸ್ಸಿನ ಸಂಪರ್ಕಕ್ಕೆ ಪದೇಪದೇ ಬಂದಿದ್ದರೂ ಸೋಂಕು ತಗಲದೆ ಉಳಿದಿದ್ದರು. ಅಂತಹವರಲ್ಲಿ ಇಬ್ಬರ ರಕ್ತವನ್ನು ಪರೀಕ್ಷಿಸಿದಾಗ, ಸಿ.ಸಿ.ಆರ್.5ರ ವಂಶವಾಹಿಯಲ್ಲಿ 32 ಅಕ್ಷರಗಳೇ ಕಾಣೆಯಾಗಿದ್ದುದು ಕಂಡುಬಂತು. ತಂದೆಯಿಂದಲೂ ತಾಯಿಯಿಂದಲೂ ಬಂದ ಎರಡು ಪ್ರತಿಗಳಲ್ಲಿಯೂ ಅದೇ ಲೋಪ. ಆದುದರಿಂದ ಅವರ ಕೋಶಗಳ ಮೇಲೆ ಆ ಪ್ರೋಟೀನು ಇರಲೇ ಇಲ್ಲ. ಯೂರೋಪು ಮೂಲದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಈ ಲೋಪ ಎರಡು ಪ್ರತಿಗಳಲ್ಲಿಯೂ ಇರುತ್ತದೆ. ಆಫ್ರಿಕದವರಲ್ಲಿಯೂ ಭಾರತೀಯರಲ್ಲಿಯೂ ಅದು ಬಹಳ ಅಪರೂಪ. ಅವರು ಬೇರೆ ಯಾವ ವಿಧದಲ್ಲಿಯೂ ವಿಶೇಷ ಬಲಶಾಲಿಗಳಲ್ಲ. ಕಬ್ಬಿಣ ಅವರ ಬಳಿಗೂ ಬಂದಿತ್ತು; ಕಾವು ಮಾತ್ರ ಸಿಕ್ಕಿರಲಿಲ್ಲ.

ಮುಸುಕಿನ ಪ್ರಯಾಣ

ಒಳಗೆ ಬಿದ್ದ ಸರಕು ಒಂದು ಶಂಕುವಿನ ಆಕಾರದ ಪೆಟ್ಟಿಗೆ. ಒಂದೇ ಬಗೆಯ ಪ್ರೋಟೀನಿನ ಸುಮಾರು 1,500 ತುಣುಕುಗಳನ್ನು ಹೆಂಚುಗಳಂತೆ ಜೋಡಿಸಿ ಇದನ್ನು ಕಟ್ಟಲಾಗಿರುತ್ತದೆ. ಇದರೊಳಗೆ ವೈರಸ್ಸಿನ ವಂಶಲಿಪಿ ಆರ್.ಎನ್.ಎ. ರೂಪದಲ್ಲಿರುತ್ತದೆ. ಅದನ್ನು ಮನುಷ್ಯನ ಲಿಪಿಯಾದ ಡಿ.ಎನ್.ಎ.ಗೆ ತಿರುಗಿಸಿ ಬರೆಯುವ ಕಿಣ್ವವನ್ನು ವೈರಸ್ಸು ತಾನೇ ತಂದಿರುತ್ತದೆ. ಆ ಬರೆವಣಿಗೆಗೆ ಬೇಕಾದ ಅಕ್ಷರಗಳು ಮಾತ್ರ ಮನೆಯವರದೇ. ಅವು ಪೆಟ್ಟಿಗೆಯ ಸಣ್ಣ ರಂಧ್ರಗಳಿಂದ ಒಳಗೆ ಹೋಗುತ್ತವೆ.

ಕೋಶದೊಳಗೆ ಪರಕೀಯ ಲಿಪಿಯನ್ನು ಕಂಡೊಡನೆ ಕೂಗೆಬ್ಬಿಸುವ ಕಾವಲುಗಾರರು ಅನೇಕರಿದ್ದಾರೆ. ಅವರ ಕಣ್ಣನ್ನು ತಪ್ಪಿಸುವುದಕ್ಕೆ ಪೆಟ್ಟಿಗೆಯೇ ಒಂದು ಮುಸುಕು. ಸಾಲದುದಕ್ಕೆ ಸೈಕ್ಲೋಫಿಲಿನ್-ಎ ಎಂಬ ಮನುಷ್ಯನದೇ ಪ್ರೋಟೀನು ಬಂದು ಪೆಟ್ಟಿಗೆಯ ಮೈಗೆ ಅಂಟಿಕೊಳ್ಳುತ್ತದೆ. ಈ ನಂಟು 1993ರಲ್ಲಿಯೇ ತಿಳಿದಿತ್ತು. ಇದರಿಂದ ವೈರಸ್ಸಿಗೆ ಏನು ಲಾಭವೆಂಬುದು ಬಹುಕಾಲ ತಿಳಿಯಲಿಲ್ಲ. 2004ರಲ್ಲಿ ಕೆಂಪು ಮೂತಿಯ ರೀಸಸ್ ಕೋತಿಯ ಜೀವಕೋಶಗಳಲ್ಲಿ ಟ್ರಿಮ್-5 ಆಲ್ಫಾ ಎಂಬ ಕಾವಲುಗಾರನು ಪತ್ತೆಯಾದನು. ಅವನು ಪೆಟ್ಟಿಗೆಯ ಮೇಲೆ ಬಲೆಯಂತೆ ಹರಡಿಕೊಂಡು ಅದನ್ನು ಅಕಾಲದಲ್ಲಿ ಒಡೆದುಹಾಕುತ್ತಾನೆ. ಆದುದರಿಂದಲೇ ಆ ಕೋತಿಗೆ ಎಚ್.ಐ.ವಿ. ತಗಲದು. ಮನುಷ್ಯನಲ್ಲಿಯೂ ಇದೇ ಹೆಸರಿನ ಕಾವಲುಗಾರನಿದ್ದಾನೆ. ಆದರೆ ಸೈಕ್ಲೋಫಿಲಿನ್ ಪೆಟ್ಟಿಗೆಯ ಮೇಲೆ ಕುಳಿತಿರುವಾಗ ಅವನ ಕೈ ಅಲ್ಲಿಗೆ ಎಟಕುವುದಿಲ್ಲವೆಂದು ಇತ್ತೀಚಿನ ಸಂಶೋಧನೆಗಳು ತಿಳಿಸಿವೆ. ಮನೆಯ ಸೊಸೆಯೇ ಕಳ್ಳನಿಗೆ ಸೆರಗನ್ನು ಹೊದಿಸಿದಂತಾಯಿತು.

ಪೆಟ್ಟಿಗೆಯು ಕೋಶಕೇಂದ್ರವನ್ನು ಸೇರುವ ಮೊದಲೇ ಬಿಚ್ಚಿಕೊಳ್ಳುತ್ತದೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 2020ರಿಂದ ಈಚಿನ ಸೂಕ್ಷ್ಮದರ್ಶಕದ ಚಿತ್ರಗಳು ಆ ನಂಬಿಕೆಯನ್ನು ಬದಲಾಯಿಸಿದುವು. ಪೆಟ್ಟಿಗೆ ಬಹುಮಟ್ಟಿಗೆ ಇಡಿಯಾಗಿಯೇ ಕೋಶಕೇಂದ್ರದ ದ್ವಾರಗಳ ಮೂಲಕ ಒಳಗೆ ಹೋಗುತ್ತದೆ. ದ್ವಾರಪಾಲಕರಾದ ಪ್ರೋಟೀನುಗಳೇ ಅದರ ಹೆಂಚುಗಳ ನಡುವಿನ ಸಣ್ಣ ಸಂದಿಯಲ್ಲಿ ಕೈಯಿಟ್ಟು ಒಳಕ್ಕೆ ಬರಮಾಡಿಕೊಳ್ಳುತ್ತವೆ. ಒಳಗೆ ಕಾದಿರುವ ಸಿ.ಪಿ.ಎಸ್.ಎಫ್.6 ಎಂಬ ಪ್ರೋಟೀನು ಅದೇ ಸಂದಿಯನ್ನು ಹಿಡಿದು ಮುಂದಕ್ಕೆ ಕರೆದೊಯ್ಯುತ್ತದೆ. ಆ ಸಣ್ಣ ಸಂದಿಯನ್ನು ವಾಚಕರು ನೆನಪಿನಲ್ಲಿಡಬೇಕು. ಕತೆಯ ಕೊನೆಯಲ್ಲಿ ಅದರ ಪ್ರಸ್ತಾಪ ಮತ್ತೆ ಬರುವುದು.

ಪುಸ್ತಕದೊಳಗೊಂದು ಪುಟ

ಕೋಶಕೇಂದ್ರದಲ್ಲಿ ಮನುಷ್ಯನ ವಂಶಲಿಪಿ ದೊಡ್ಡದೊಂದು ಗ್ರಂಥಭಂಡಾರದಂತೆ ಇದೆ. ಅದರಲ್ಲಿ ಹೆಚ್ಚಿನ ಪುಸ್ತಕಗಳು ಮುಚ್ಚಿಯೇ ಇರುತ್ತವೆ. ದಿನಬಳಕೆಯವು ಮಾತ್ರ ತೆರೆದಿರುತ್ತವೆ. ವೈರಸ್ಸು ತನ್ನ ಪುಟವನ್ನು ಮುಚ್ಚಿದ ಪುಸ್ತಕದಲ್ಲಿ ಅಂಟಿಸಿದರೆ ಅದನ್ನು ಯಾರೂ ಓದರು. ತೆರೆದ ಪುಸ್ತಕ ಯಾವುದೆಂದು ಹೊಸಬನಿಗೆ ಹೇಗೆ ತಿಳಿಯಬೇಕು? 2003ರಲ್ಲಿ ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಲೆಡ್ಜ್-ಎಫ್ ಎಂಬ ಪ್ರೋಟೀನು ವೈರಸ್ಸಿನ ಕಿಣ್ವವನ್ನು ಹಿಡಿದುಕೊಳ್ಳುವುದನ್ನು ಕಂಡರು. ಆ ಪ್ರೋಟೀನಿನ ಒಂದು ಕೈ ಸದಾ ತೆರೆದ ಪುಸ್ತಕಗಳ ಮೇಲೆ ಇರುತ್ತದೆ. ಇನ್ನೊಂದು ಕೈಯನ್ನು ವೈರಸ್ಸು ಹಿಡಿದುಕೊಂಡು, ಬೇಕಾದ ಜಾಗಕ್ಕೆ ತಲುಪಿ, ತನ್ನ ಪುಟವನ್ನು ಅಂಟಿಸಿಬಿಡುತ್ತದೆ. ಅಂದಿನಿಂದ ಆ ಪುಟ ಆ ಕೋಶದ ಸ್ವಂತ ಪುಟಗಳಲ್ಲಿ ಒಂದು. ಕೋಶ ಎರಡಾದರೆ ಅದೂ ಎರಡಾಗುತ್ತದೆ.

ಪುಟವನ್ನು ಓದಿಸುವುದಕ್ಕೂ ಮನೆಯವರೇ ಬೇಕು. ಓದುವ ಯಂತ್ರವು ವೈರಸ್ಸಿನ ಪುಟವನ್ನು ಓದಲು ತೊಡಗಿ ನಾಲ್ಕು ಸಾಲಿಗೇ ನಿಂತುಬಿಡುತ್ತದೆ. ಆಗ ಟ್ಯಾಟ್ ಎಂಬ ವೈರಸ್ಸಿನ ಪುಟ್ಟ ಪ್ರೋಟೀನು ಸೈಕ್ಲಿನ್ ಟಿ-1 ಎಂಬ ಮನುಷ್ಯನ ಪ್ರೋಟೀನನ್ನು ಎಳೆದುಕೊಂಡು ಬಂದು ಯಂತ್ರವನ್ನು ಮುಂದಕ್ಕೆ ದೂಡಿಸುತ್ತದೆ. ಇದು 1998ರಲ್ಲಿ ತಿಳಿದ ಸಂಗತಿ. ಇಲಿಯಲ್ಲಿಯೂ ಸೈಕ್ಲಿನ್ ಟಿ-1 ಉಂಟು. ಆದರೆ ಅದರ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬೇರೆಯಾಗಿರುವುದರಿಂದ ಟ್ಯಾಟ್‌ಗೆ ಅದರ ಹಿಡಿತ ಸಿಕ್ಕದು. ಒಂದು ಕೊಂಡಿಯ ವ್ಯತ್ಯಾಸದಿಂದ ಇಡೀ ಕೆಲಸ ನಿಂತುಹೋಗುವಷ್ಟು ನಾಜೂಕಾದ ವ್ಯವಹಾರವಿದು.

ಈ ಓದುವಿಕೆಯ ಅಧ್ಯಯನದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಟಿ-ಕೋಶವು ಶತ್ರುವನ್ನು ಕಂಡು ಎಚ್ಚರಗೊಂಡಾಗ, ಎನ್.ಎಫ್.-ಕಪ್ಪಾ-ಬಿ ಎಂಬ ಪ್ರೋಟೀನು ಕೋಶಕೇಂದ್ರಕ್ಕೆ ಓಡಿಹೋಗಿ ಯುದ್ಧಕ್ಕೆ ಬೇಕಾದ ವಂಶವಾಹಿಗಳನ್ನು ಎಬ್ಬಿಸುತ್ತದೆ. ಎಚ್.ಐ.ವಿ. ತನ್ನ ಪುಟದ ತಲೆಯಲ್ಲಿ ಇದೇ ಪ್ರೋಟೀನು ಕುಳಿತುಕೊಳ್ಳುವಂತಹ ಮಣೆಗಳನ್ನು ಹಾಕಿಟ್ಟಿದೆ. ಅಮೆರಿಕ, ಯೂರೋಪುಗಳಲ್ಲಿ ಹೆಚ್ಚಾಗಿರುವ ಬಿ ಎಂಬ ಪಂಗಡದ ವೈರಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಮಣೆಗಳು. ಭಾರತದಲ್ಲಿಯೂ ಆಫ್ರಿಕದ ದಕ್ಷಿಣ ಭಾಗದಲ್ಲಿಯೂ ಹರಡಿರುವ ಸಿ ಪಂಗಡದಲ್ಲಿ ಮೂರು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡದವರು ನಾಲ್ಕು ಮಣೆಗಳಿರುವ ವೈರಸ್ಸುಗಳೂ ಭಾರತದಲ್ಲಿ ಇವೆಯೆಂಬುದನ್ನು ಕಂಡು 2012ರಲ್ಲಿ ಪ್ರಕಟಿಸಿದರು. ಮಣೆ ಹೆಚ್ಚಿದಷ್ಟೂ ಅತಿಥಿಗೆ ಉಪಚಾರ ಹೆಚ್ಚು, ಓದು ಚುರುಕು.

ಇದರ ಮತ್ತೊಂದು ಮುಖ ಇನ್ನೂ ಗಂಭೀರವಾದುದು. ಕೋಶ ಮಲಗಿರುವಾಗ ಎಬ್ಬಿಸುವ ಪ್ರೋಟೀನು ಒಳಗೆ ಬಾರದು. ಆಗ ವೈರಸ್ಸಿನ ಪುಟವೂ ಮೌನವಾಗಿರುತ್ತದೆ. ಹಿಂದಿನ ರೋಗಗಳ ನೆನಪನ್ನು ಕಾಪಾಡಲೆಂದು ವರ್ಷಗಟ್ಟಲೆ ಮಲಗಿರುವ ಟಿ-ಕೋಶಗಳು ದೇಹದಲ್ಲಿ ಇವೆ. ಅವುಗಳಲ್ಲಿ ಕೆಲವುಗಳೊಳಗೆ ಈ ಪುಟ ಸೇರಿಕೊಂಡಿದ್ದರೆ, ಅದನ್ನು ಔಷಧಿಯೂ ಕಾಣದು, ಕಾವಲುಗಾರರೂ ಕಾಣರು. ಗುಳಿಗೆಗಳಿಂದ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಕ್ಕದಷ್ಟು ತಗ್ಗಿದ ಮೇಲೆಯೂ, ಗುಳಿಗೆಯನ್ನು ಬಿಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದು ಮತ್ತೆ ತಲೆಯೆತ್ತುವುದು ಈ ಕಾರಣದಿಂದ. ರೋಗಿಯು ಜೀವಮಾನವೆಲ್ಲ ಔಷಧಿಯನ್ನು ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಕಾವಲುಗಾರನ ಕೊಲೆ

ಮನೆಯವರೆಲ್ಲರೂ ಹೀಗೆ ಕಳ್ಳನಿಗೆ ಒಲಿದವರೇ ಎಂದು ತಿಳಿಯಬಾರದು. ವೈರಸ್ಸಿಗೆ ವಿಫ್ ಎಂಬ ಸಣ್ಣ ಪ್ರೋಟೀನೊಂದಿದೆ. ಅದರ ಕೆಲಸವೇನೆಂಬುದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ವಿಫ್ ಇಲ್ಲದ ವೈರಸ್ಸು ಕೆಲವು ಜೀವಕೋಶಗಳಲ್ಲಿ ಚೆನ್ನಾಗಿ ಬೆಳೆಯುತ್ತಿತ್ತು. ಮತ್ತೆ ಕೆಲವುಗಳಲ್ಲಿ ಬೆಳೆಯುತ್ತಲೇ ಇರಲಿಲ್ಲ. ಬೆಳೆಯಗೊಡುವ ಕೋಶದಲ್ಲಿ ಯಾರೋ ಸಹಾಯಕನಿದ್ದಾನೆಯೇ, ಅಥವಾ ಬೆಳೆಯಗೊಡದ ಕೋಶದಲ್ಲಿ ಯಾರೋ ವಿರೋಧಿ ಇದ್ದಾನೆಯೇ? 1998ರಲ್ಲಿ ವಿಜ್ಞಾನಿಗಳು ಎರಡು ಬಗೆಯ ಕೋಶಗಳನ್ನೂ ಬೆಸೆದು ಒಂದಾಗಿ ಮಾಡಿ ನೋಡಿದರು. ಸಹಾಯಕನಿದ್ದ ಪಕ್ಷದಲ್ಲಿ ಬೆಸುಗೆಯ ಕೋಶದಲ್ಲಿ ವೈರಸ್ಸು ಬೆಳೆಯಬೇಕಾಗಿತ್ತು. ಅದರಿಂದ ಹೊರಬಂದ ವೈರಸ್ಸುಗಳಿಗೆ ಸೋಂಕಿಸುವ ಶಕ್ತಿಯೇ ಇರಲಿಲ್ಲ. ಹಾಗಾದರೆ ಇರುವವನು ವಿರೋಧಿ ಎಂಬುದು ಗೊತ್ತಾಯಿತು. 2002ರಲ್ಲಿ ಆನ್ ಶೀಹಿ, ಮೈಕೆಲ್ ಮ್ಯಾಲಿಮ್ ಮತ್ತು ಸಂಗಡಿಗರು, ಬಹಳ ಹತ್ತಿರದ ಸಂಬಂಧವಿರುವ ಎರಡು ಕೋಶವಂಶಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿ, ಅವನ ಹೆಸರನ್ನು ಹೊರಗೆಡಹಿದರು. ಇಂದು ಅವನನ್ನು ಅಪೋಬೆಕ್-3ಜಿ ಎಂದು ಕರೆಯುತ್ತಾರೆ.

ಅವನ ಯುದ್ಧದ ರೀತಿ ವಿಚಿತ್ರವಾದುದು. ಹೊಸ ವೈರಸ್ಸು ಕಟ್ಟಲ್ಪಡುವಾಗ ಅವನು ಸದ್ದಿಲ್ಲದೆ ಅದರ ಪೆಟ್ಟಿಗೆಯೊಳಗೆ ಕುಳಿತುಬಿಡುತ್ತಾನೆ. ಆ ವೈರಸ್ಸು ಇನ್ನೊಂದು ಕೋಶವನ್ನು ಹೊಕ್ಕು ತನ್ನ ಲಿಪಿಯನ್ನು ತಿರುಗಿಸಿ ಬರೆಯಲು ತೊಡಗಿದಾಗ, ಒಂದು ಅಕ್ಷರವಿದ್ದೆಡೆ ಇನ್ನೊಂದು ಅಕ್ಷರವನ್ನು ತಿದ್ದುತ್ತ ಹೋಗುತ್ತಾನೆ. ಬರೆದು ಮುಗಿಯುವ ಹೊತ್ತಿಗೆ ಅರ್ಥವೇ ಆಗದ ಕಾಗದವೊಂದು ಉಳಿಯುತ್ತದೆ.

ವಿಫ್ ಹುಟ್ಟಿರುವುದು ಇವನನ್ನು ಮುಗಿಸುವುದಕ್ಕಾಗಿ. ಆದರೆ ವಿಫ್‌ಗೆ ಸ್ವಂತ ಆಯುಧವಿಲ್ಲ. ಪ್ರತಿಯೊಂದು ಜೀವಕೋಶದಲ್ಲಿಯೂ ಹಳೆಯದಾದ, ಕೆಟ್ಟುಹೋದ ಪ್ರೋಟೀನುಗಳಿಗೆ ಚೀಟಿ ಅಂಟಿಸಿ ಕಸದ ಯಂತ್ರಕ್ಕೆ ಕಳುಹಿಸುವ ಏರ್ಪಾಡೊಂದಿದೆ. ವಿಫ್ ಒಂದು ಕೈಯಲ್ಲಿ ಅಪೋಬೆಕ್ಕನ್ನೂ ಇನ್ನೊಂದು ಕೈಯಲ್ಲಿ ಆ ಚೀಟಿ ಅಂಟಿಸುವ ಪ್ರೋಟೀನುಗಳನ್ನೂ ಹಿಡಿದುಕೊಂಡು ಪರಸ್ಪರ ಹತ್ತಿರಕ್ಕೆ ತರುತ್ತದೆ. ಚೀಟಿ ಬಿದ್ದ ಕಾವಲುಗಾರನು ಕಸವಾಗಿ ನಾಶವಾಗುತ್ತಾನೆ. ಕಾವಲುಗಾರನನ್ನು ಮನೆಯ ಜಾಡಮಾಲಿಯ ಕೈಯಿಂದಲೇ ಹೊರಗೆ ಹಾಕಿಸಿದ ಹಾಗೆ ಇದು. 2008ರಲ್ಲಿ ಪತ್ತೆಯಾದ ಟೆಥರಿನ್ ಎಂಬ ಇನ್ನೊಬ್ಬ ಕಾವಲುಗಾರನ ಪಾಡೂ ಇಂತಹುದೇ. ಹೊರಟುಹೋಗುವ ಹೊಸ ವೈರಸ್ಸುಗಳನ್ನು ಕೋಶದ ಮೈಗೇ ಕಟ್ಟಿಹಾಕುವ ಹಗ್ಗ ಅವನು. ಅವನನ್ನು ಅಲ್ಲಿಂದ ತೊಲಗಿಸಲು ವಿ.ಪಿ.ಯು. ಎಂಬ ಪ್ರೋಟೀನು ಇದೆ. ಹಗ್ಗ ಸಡಿಲವಾದ ಮೇಲೆ, ಜೀವಕೋಶ ಎರಡಾಗುವಾಗ ಕೊನೆಯ ಪೊರೆಯನ್ನು ಕತ್ತರಿಸುವ ಪ್ರೋಟೀನುಗಳನ್ನೇ ಕರೆಯಿಸಿ, ತನ್ನ ಹೊಕ್ಕುಳಬಳ್ಳಿಯನ್ನು ಕತ್ತರಿಸಿಕೊಂಡು ವೈರಸ್ಸು ಹೊರಗೆ ಬೀಳುತ್ತದೆ. ಅದು ಉಟ್ಟು ಹೊರಡುವ ಪೊರೆಯೂ ಆ ಕೋಶದ್ದೇ.

ಕಾವನ್ನು ಕಿತ್ತರೆ

ಸಹಾಯಕರು ಯಾರು ಯಾರೆಂದು ತಿಳಿದ ಮೇಲೆ ಅವರನ್ನೇ ತೊಲಗಿಸಿದರಾಗದೆ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಕಷ್ಟವಿರುವುದು. ಕೊಡಲಿಯ ಕಾವೂ ಒಂದು ಕಾಲಕ್ಕೆ ಮರವೇ. ಸೈಕ್ಲಿನ್ ಟಿ-1 ಇಲ್ಲದೆ ಮನುಷ್ಯನ ಪುಟಗಳನ್ನೂ ಓದಲಾಗದು; ಸಿ.ಡಿ.4 ಇಲ್ಲದೆ ದಳವಾಯಿ ಕುರುಡ. ಆದುದರಿಂದಲೇ 1987ರಲ್ಲಿ ಬಂದ ಮೊದಲನೆಯ ಔಷಧಿಯಿಂದ ಹಿಡಿದು, 1996ರಿಂದ ಮೂರು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯವರೆಗೆ, ಹೆಚ್ಚಿನವು ಗುರಿಯಿಟ್ಟುದು ವೈರಸ್ಸಿನ ಸ್ವಂತ ಕಿಣ್ವಗಳ ಮೇಲೆಯೇ.

ಸಿ.ಸಿ.ಆರ್.5 ಒಂದು ಅಪವಾದವೆಂದು ತೋರಿತು. ಅದು ಇಲ್ಲದವರೂ ಸುಖವಾಗಿ ಬಾಳುತ್ತಿದ್ದರಷ್ಟೆ. 2007ರಲ್ಲಿ ಆ ಬೀಗದ ಕಿಂಡಿಯನ್ನು ಮುಚ್ಚುವ ಮರಾವಿರಾಕ್ ಎಂಬ ಗುಳಿಗೆ ಬಳಕೆಗೆ ಬಂತು. ಅದೇ ವರ್ಷ ಬರ್ಲಿನ್ ನಗರದಲ್ಲಿ ಟಿಮೊತಿ ರೇ ಬ್ರೌನ್ ಎಂಬ ಅಮೆರಿಕನ್ನನಿಗೆ ಒಂದು ಸಾಹಸದ ಚಿಕಿತ್ಸೆ ನಡೆಯಿತು. ಎಚ್.ಐ.ವಿ.ಯ ಜೊತೆಗೆ ರಕ್ತದ ಅರ್ಬುದವೂ ಅವನಿಗೆ ಅಂಟಿತ್ತು. ಅರ್ಬುದಕ್ಕಾಗಿ ಬೇರೊಬ್ಬರ ರಕ್ತಮೂಲದ ಕೋಶಗಳನ್ನು ಕಸಿಮಾಡಬೇಕಾಗಿ ಬಂದಾಗ, ಡಾಕ್ಟರ್ ಗೇರೊ ಹ್ಯೂಟರ್ ಅವರು ಸಿ.ಸಿ.ಆರ್.5 ಇಲ್ಲದ ದಾನಿಯನ್ನೇ ಹುಡುಕಿಸಿದರು. 2008ರಲ್ಲಿ ಮತ್ತೊಮ್ಮೆ ಕಸಿ ನಡೆಯಿತು. ಬ್ರೌನ್ ಔಷಧಿಯನ್ನು ನಿಲ್ಲಿಸಿದ ಬಳಿಕವೂ ವೈರಸ್ಸು ಹಿಂದಿರುಗಲಿಲ್ಲ. ಎಚ್.ಐ.ವಿ.ಯಿಂದ ಪೂರ್ತಿಯಾಗಿ ಪಾರಾದವನೆಂದು ಪ್ರಪಂಚ ಒಪ್ಪಿಕೊಂಡ ಮೊದಲನೆಯ ಮನುಷ್ಯ ಅವನು. 2020ರಲ್ಲಿ ಅವನು ತೀರಿಕೊಂಡುದು ಮರುಕಳಿಸಿದ ಅರ್ಬುದದಿಂದ. ಇಂತಹ ಕಸಿಯಿಂದ ಗುಣವಾದವರು ಇಂದಿಗೂ ಬೆರಳೆಣಿಕೆಯಷ್ಟು ಜನ. ಪ್ರಾಣಕ್ಕೇ ಅಪಾಯವಿರುವ ಈ ಚಿಕಿತ್ಸೆಯನ್ನು ಅರ್ಬುದವಿಲ್ಲದವರಿಗೆ ಮಾಡುವಂತಿಲ್ಲ.

ಆ ಪ್ರೋಟೀನು ಇಲ್ಲದಿರುವುದರಿಂದ ನಷ್ಟವೇ ಇಲ್ಲವೆಂದೂ ಹೇಳಲಾಗದು. ಸೊಳ್ಳೆಗಳಿಂದ ಹರಡುವ ವೆಸ್ಟ್ ನೈಲ್ ಜ್ವರ ಅಂತಹವರಲ್ಲಿ ಹೆಚ್ಚು ಉಗ್ರವಾಗಬಹುದೆಂದು 2006ರಲ್ಲಿ ತಿಳಿದುಬಂತು. 2018ರಲ್ಲಿ ಚೀನ ದೇಶದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ, ಹುಟ್ಟಲಿರುವ ಮಕ್ಕಳ ಭ್ರೂಣದಲ್ಲಿಯೇ ಈ ವಂಶವಾಹಿಯನ್ನು ತಿದ್ದಿದುದಾಗಿ ಸಾರಿದಾಗ ಲೋಕವೇ ಬೆಚ್ಚಿತು. ಕೇಳಿ ಒಪ್ಪಲಾರದ ಶಿಶುಗಳ ಮೇಲೆ ನಡೆದ ಪ್ರಯೋಗವದು. ಮರುವರ್ಷ ಅಲ್ಲಿನ ನ್ಯಾಯಾಲಯ ಅವನಿಗೆ ಮೂರು ವರ್ಷಗಳ ಸೆರೆವಾಸವನ್ನು ವಿಧಿಸಿತು.

ಕಾವನ್ನು ಸುಡದೆ, ಅದನ್ನು ಸಿಕ್ಕಿಸುವ ಕಬ್ಬಿಣದ ತೂತನ್ನು ಮಾತ್ರ ಮುಚ್ಚಿದರೆ ಹೇಗೆ? ವೈರಸ್ಸಿನ ಪೆಟ್ಟಿಗೆಯ ಹೆಂಚುಗಳ ನಡುವೆ ಒಂದು ಸಂದಿಯಿತ್ತಷ್ಟೆ. ಮನುಷ್ಯನ ಪ್ರೋಟೀನುಗಳು ಕೈಯಿಡುತ್ತಿದ್ದುದು ಅಲ್ಲಿ. ಲೆನಕಾಪವಿರ್ ಎಂಬ ಔಷಧಿ ಆ ಸಂದಿಯಲ್ಲಿಯೇ ಹೋಗಿ ಕುಳಿತುಕೊಳ್ಳುತ್ತದೆ. ದ್ವಾರಪಾಲಕರಿಗೆ ಹಿಡಿಯಲು ಜಾಗ ಸಿಕ್ಕದು. ಪೆಟ್ಟಿಗೆಯೂ ಹೊತ್ತಿಗೆ ತಕ್ಕಂತೆ ಬಿಚ್ಚಿಕೊಳ್ಳದು. ಮನೆಯ ಯಾವ ಆಳಿಗೂ ಪೆಟ್ಟಾಗದು. ದಕ್ಷಿಣ ಆಫ್ರಿಕ ಮತ್ತು ಯುಗಾಂಡ ದೇಶಗಳ 2,134 ಮಂದಿ ತರುಣಿಯರಿಗೆ ಆರು ತಿಂಗಳಿಗೊಮ್ಮೆ ಇದರ ಚುಚ್ಚುಮದ್ದನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲ 2024ರಲ್ಲಿ ಹೊರಬಂದಾಗ, ಅವರಲ್ಲಿ ಒಬ್ಬರಿಗೂ ಸೋಂಕು ತಗಲಿರಲಿಲ್ಲ. 2025ರ ಜೂನ್ ತಿಂಗಳಿನಲ್ಲಿ ಅಮೆರಿಕ ಸರ್ಕಾರ ಇದನ್ನು ಸೋಂಕಿನ ತಡೆಗೆ ಅಂಗೀಕರಿಸಿತು. ಪ್ರೋಟೀನುಗಳ ನಂಟಸ್ತಿಕೆಯನ್ನು ಕುತೂಹಲಕ್ಕಾಗಿ ಹುಡುಕುತ್ತ ಕುಳಿತವರ ಮೂವತ್ತು ವರ್ಷಗಳ ದುಡಿಮೆ ಹೀಗೆ ಫಲಕ್ಕೆ ಬಂತು. ಈ ಔಷಧಿ ಬಡವರ ಕೈಗೆಟಕುವ ಬೆಲೆಗೆ ಎಲ್ಲೆಡೆ ದೊರೆಯುವಂತೆ ಮಾಡುವುದು ಇನ್ನು ಸರ್ಕಾರಗಳ ಹೊಣೆ.

ಲೋಟಕ್ಕೆ ಬೀಗವಿಲ್ಲ

ಈ ಸೂಕ್ಷ್ಮಗಳನ್ನೆಲ್ಲ ತಿಳಿದು ಗೃಹಸ್ಥರಿಗೆ ಆಗಬೇಕಾದುದೇನು? ಆಗಬೇಕಾದುದು ಬಹಳವಿದೆ. ಈ ರೋಗದ ಹೆಸರು ಕಿವಿಗೆ ಬಿದ್ದೊಡನೆ ಎಷ್ಟೋ ಮನೆಗಳಲ್ಲಿ ರೋಗಿಯ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು, ಹಾಸಿಗೆ ಹಿತ್ತಲ ಕೊಠಡಿಗೆ ಹೋಯಿತು. ಗಂಡನಿಂದ ಸೋಂಕನ್ನು ಪಡೆದ ಹೆಣ್ಣುಮಗಳು, ಅವನು ತೀರಿದ ಮೇಲೆ ಅತ್ತೆಯ ಮನೆಯಿಂದಲೂ ಹೊರಬೀಳಬೇಕಾಯಿತು. ಶಾಲೆಗಳು ಏನೂ ಅರಿಯದ ಮಕ್ಕಳನ್ನು ಹೊರಗಿಟ್ಟುವು. ಇವೆಲ್ಲಕ್ಕೂ ಮೂಲ ಅಂಜಿಕೆ. ಆ ಅಂಜಿಕೆಗೆ ಮೂಲ ಅಜ್ಞಾನ.

ವೈರಸ್ಸಿಗೆ ಬೇಕಾದುದು ಸಿ.ಡಿ.4 ಮತ್ತು ಅದರ ಜೊತೆಯ ಬೀಗ. ಲೋಟದ ಅಂಚಿನಲ್ಲಿ ಅದು ಇಲ್ಲ. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ, ಕೈಹಿಡಿಯುವುದರಿಂದ, ಮಗುವನ್ನು ಎತ್ತಿ ಮುದ್ದಾಡುವುದರಿಂದ ವೈರಸ್ಸಿಗೆ ಯಾವ ಬಾಗಿಲೂ ಸಿಕ್ಕುವುದಿಲ್ಲ. ಸೊಳ್ಳೆಯ ಜೀವಕೋಶಗಳಲ್ಲಿಯೂ ಈ ಬೀಗಗಳಿಲ್ಲ. ಅದು ಕುಡಿದ ರಕ್ತದಲ್ಲಿರುವ ವೈರಸ್ಸು ಅಲ್ಲಿಯೇ ಜೀರ್ಣವಾಗಿಹೋಗುತ್ತದೆ. ಲೈಂಗಿಕ ಸಂಪರ್ಕ, ಸೋಂಕಿದ ರಕ್ತ, ಸೂಜಿ, ಹೆರಿಗೆ ಮತ್ತು ಎದೆಹಾಲು, ಈ ದಾರಿಗಳಿಂದಲ್ಲದೆ ಅದು ಬಾರದು. ಆ ದಾರಿಗಳನ್ನೂ ಔಷಧಿ ಕಟ್ಟಬಲ್ಲದು. ಗುಳಿಗೆಯನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಕ್ಕದ ಮಟ್ಟಕ್ಕೆ ಇಳಿದವರಿಂದ ದಾಂಪತ್ಯ ಸಂಪರ್ಕದಲ್ಲಿಯೂ ಸೋಂಕು ಹರಡುವುದಿಲ್ಲವೆಂದು ಸಿದ್ಧಪಟ್ಟಿದೆ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಚಿಕಿತ್ಸೆಯಿದ್ದರೆ ಅದನ್ನು 5ಕ್ಕಿಂತ ಕೆಳಕ್ಕೆ ಇಳಿಸಬಹುದು. ಭಾರತದಲ್ಲಿ 2004ರ ಏಪ್ರಿಲ್ ತಿಂಗಳಿನಿಂದ ಸರ್ಕಾರ ಈ ಔಷಧಿಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ಸೋಂಕಿತರನ್ನು ಕೆಲಸದಿಂದಲೋ ಶಾಲೆಯಿಂದಲೋ ಹೊರಗಿಡುವುದನ್ನು ನಿಷೇಧಿಸುವ ಕಾಯಿದೆ 2017ರಲ್ಲಿ ಆಗಿ, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ.

ಕಾಡಿನ ಮುದಿಮರ ಹೇಳಿದ ಮಾತು ರಕ್ತಕ್ಕೆ ಹೇಗೆ ಒಪ್ಪುವುದೋ ಸಂಸಾರಕ್ಕೂ ಹಾಗೆಯೇ ಒಪ್ಪುವುದು. ಗುಟ್ಟಾಗಿ ಪರೀಕ್ಷೆಗೆ ಹೋಗಲೂ ಹೆದರುವವನು, ಔಷಧಿಯ ಸೀಸೆಯನ್ನು ಬಟ್ಟೆಯ ಮಡಿಕೆಯಲ್ಲಿ ಬಚ್ಚಿಡುವವಳು, ನೆರೆಯವರ ಮಾತಿಗೆ ಅಂಜಿ ಆಸ್ಪತ್ರೆಯನ್ನು ಬಿಟ್ಟವನು, ಇವರ ಮೈಯಲ್ಲಿ ವೈರಸ್ಸು ನಿರಾತಂಕವಾಗಿ ಬೆಳೆಯುತ್ತದೆ. ಅಂತಹ ಮನೆಯಲ್ಲಿ ಅದಕ್ಕೆ ಕಾವಾಗಿ ಒದಗುವುದು ಸಿ.ಡಿ.4 ಮಾತ್ರವಲ್ಲ, ಮನೆಯವರ ಮುನಿಸೂ ಹೌದು. ಮೊದಲನೆಯದನ್ನು ಕೀಳುವುದು ವಿಜ್ಞಾನಿಗಳಿಗೂ ಕಷ್ಟವಾಗಿದೆ. ಎರಡನೆಯದನ್ನು ಕೀಳುವುದಕ್ಕೆ ಪ್ರಯೋಗಶಾಲೆ ಬೇಡ; ಬೇರೆಯಿಟ್ಟ ತಟ್ಟೆಯನ್ನು ತಂದು ಎಲ್ಲರ ತಟ್ಟೆಗಳ ಸಾಲಿನಲ್ಲಿ ಇಟ್ಟರೆ ಸಾಕು.